ಟ್ರ್ಯಾಕ್ಟರ್ ‘ಸೆಲ್ಫ್’ ಹೊಡೆಯದಿದ್ದಾಗ: ವಿದ್ಯುತ್ ದೋಷ ಪತ್ತೆಮಾಡುವ ಬಗೆ

ಹಿಂಗಾರಿ ಬಿತ್ತನೆಯ ಕಾಲ. ಒಳ್ಳೆಯ ಮಳೆ ಬಿದ್ದು ಎರೆ ಹೊಲ ಎರಡು ದಿನ ಬಿಸಿಲುಂಡು, ಕಾಲಿಗೆ ಅಂಟದಷ್ಟು ಆರಿದೆ. ಜೋಳದ ಬೀಜೋಪಚಾರ ಮುಗಿದಿದೆ, ಆಳುಗಳು ಬಂದು ನಿಂತಿದ್ದಾರೆ. ಚಾವಿ ತಿರುಗಿಸಿದರೆ ಟ್ರ್ಯಾಕ್ಟರ್ ‘ಟಕ್’ ಎಂದಷ್ಟೇ ಸದ್ದು ಮಾಡಿ ಸುಮ್ಮನಾಗುತ್ತದೆ. “ಬ್ಯಾಟ್ರಿ ಹೋಗೇತ್ರಿ” ಎಂದು ಚಾಲಕ ಹೇಳುತ್ತಾನೆ. ಅಲ್ಲಿಗೆ ಆ ದಿನದ ಬಿತ್ತನೆ ನಿಂತಿತು. ಪೇಟೆಗೆ ಹೋಗಿ, ಏಳೆಂಟು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದು ಕೂಡಿಸುವ ಹೊತ್ತಿಗೆ ಮತ್ತೊಂದು ದಿನ ಕಳೆದಿರುತ್ತದೆ. ಎರೆ ಭೂಮಿಯ ಹದ ಎಷ್ಟು ದಿನ ನಿಲ್ಲುತ್ತದೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹೊಸ ಬ್ಯಾಟರಿ ಕೂಡಿಸಿದಾಗ ಟ್ರ್ಯಾಕ್ಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದುದರಿಂದ ದೋಷ ಬ್ಯಾಟರಿಯದೇ ಎಂದು ಎಲ್ಲರೂ ನಂಬುತ್ತಾರೆ. ಆದರೆ ಹೊಸದನ್ನು ಕೂಡಿಸುವಾಗ ಮೆಕ್ಯಾನಿಕ್ ಮಾಡಿದ ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯ ತಂತಿಯ ಹಿಡಿಕೆಗಳನ್ನು ಬಿಚ್ಚಿ, ಕೆರೆದು, ಬಿಗಿಯಾಗಿ ಕೂಡಿಸಿದ್ದೇ ಆ ಕೆಲಸ. ಎಷ್ಟೋ ಸಂದರ್ಭಗಳಲ್ಲಿ ಟ್ರ್ಯಾಕ್ಟರಿಗೆ ಬೇಕಾಗಿದ್ದುದು ಅಷ್ಟೇ. ಹಳೆಯ ಬ್ಯಾಟರಿ ಇನ್ನೂ ಒಂದೆರಡು ವರ್ಷ ಬಾಳುವಂತಹುದಾಗಿದ್ದರೂ ಅಂಗಡಿಯವನ ಪಾಲಾಗಿರುತ್ತದೆ.

ಬ್ಯಾಟರಿ ಕೆಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಅದು ಕೆಟ್ಟಿದೆ ಎಂಬುದನ್ನು ಅಳೆದು ತಿಳಿಯುವ ಮೊದಲು ಹಣ ಬಿಚ್ಚಬೇಡಿ ಎಂಬುದೇ ಈ ಲೇಖನದ ಉದ್ದೇಶ. ಅಳೆಯುವ ಕೆಲಸ ಅರ್ಧ ತಾಸಿನದು. ಓದು ಬರಹ ಬಲ್ಲ ಯಾವ ರೈತನಾದರೂ ಇದನ್ನು ಮಾಡಬಹುದು.

ದೀಪ ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ - ಏಕೆ?

ಈ ಪ್ರಶ್ನೆಯನ್ನು ರೈತರು ಮೇಲಿಂದ ಮೇಲೆ ಕೇಳುತ್ತಾರೆ. ಉತ್ತರ ತಿಳಿದರೆ ಮುಂದಿನದೆಲ್ಲ ಸುಲಭ.

ಟ್ರ್ಯಾಕ್ಟರಿನ ಮುಂದೀಪದ 60 ವಾಟಿನ ಒಂದು ಬಲ್ಬು 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವ ವಿದ್ಯುತ್ 5 ಆಂಪಿಯರ್ ಮಾತ್ರ. ಡೀಸೆಲ್ ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ, ಅಂದರೆ ನಾವು ಸೆಲ್ಫ್ ಎಂದು ಕರೆಯುವ ಮೋಟಾರಿಗೆ, 200 ರಿಂದ 400 ಆಂಪಿಯರ್ ಬೇಕು. ಲೆಕ್ಕಕ್ಕೆ 300 ಎಂದು ಹಿಡಿಯೋಣ. ಈಗ ಬ್ಯಾಟರಿಯ ಹಿಡಿಕೆಯ ಕೆಳಗೆ ಧೂಳು ಮತ್ತು ಆಮ್ಲದ ಪುಡಿ ಸೇರಿ, ವಿದ್ಯುತ್ತಿನ ದಾರಿಗೆ ಒಂದು ಓಮಿನ ನೂರರಲ್ಲಿ ಒಂದು ಭಾಗದಷ್ಟು ಅಡ್ಡಿಯಾಗಿದೆ ಎನ್ನೋಣ. ದೀಪದ 5 ಆಂಪಿಯರ್ ಈ ಜಾಗವನ್ನು ದಾಟುವಾಗ ಆಗುವ ನಷ್ಟ ಒಂದು ವೋಲ್ಟಿನ ಇಪ್ಪತ್ತನೆಯ ಒಂದು ಭಾಗ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಸೆಲ್ಫಿನ 300 ಆಂಪಿಯರ್ ಅದೇ ಜಾಗವನ್ನು ದಾಟಬೇಕಾದಾಗ ನಷ್ಟವಾಗುವುದು ಪೂರ್ತಿ 3 ವೋಲ್ಟ್. ಹನ್ನೆರಡರಲ್ಲಿ ಮೂರು ಅಲ್ಲೇ ಶಾಖವಾಗಿ ಹೋದರೆ ಮೋಟಾರು ಹೇಗೆ ತಿರುಗೀತು?

ಹೊಲದ ಪೈಪಿನ ಬಾಯಿಗೆ ಕಸ ಕಟ್ಟಿಕೊಂಡಿದ್ದರೂ ಕೈಕಾಲು ತೊಳೆಯುವಷ್ಟು ನೀರು ಬರುತ್ತದೆ. ಕಬ್ಬಿನ ಸಾಲಿಗೆ ಹಾಯಿಸಲು ಹೋದಾಗಲೇ ಕಸ ಇರುವುದು ಗೊತ್ತಾಗುವುದು. ಇಲ್ಲಿಯೂ ಹಾಗೆಯೇ.

ಮೊದಲು ಜೀವದ ಮಾತು

ದೋಷ ಹುಡುಕುವ ಮೊದಲು ಒಂದು ವಿಷಯವನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಸೆಲ್ಫ್ ಹೊಡೆಯದಿದ್ದಾಗ ಕೆಳಗೆ ನಿಂತು, ಸ್ಕ್ರೂ ಡ್ರೈವರ್ ಅಥವಾ ಪಾನದಿಂದ ಸ್ಟಾರ್ಟರಿನ ಎರಡು ಟರ್ಮಿನಲ್ಲುಗಳನ್ನು ಕೂಡಿಸಿ ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹೀಗೆ ಮಾಡುವವನು ನಿಲ್ಲುವುದು ಮುಂದಿನ ಗಾಲಿ ಮತ್ತು ಹಿಂದಿನ ಗಾಲಿಗಳ ನಡುವೆ. ಗೇರ್ ಬಿದ್ದಿದ್ದರೆ ಎಂಜಿನ್ ಹತ್ತಿಕೊಂಡ ಕ್ಷಣವೇ ಟ್ರ್ಯಾಕ್ಟರ್ ಮುಂದಕ್ಕೆ ಚಲಿಸುತ್ತದೆ. ದೊಡ್ಡ ಗಾಲಿ ಅವನ ಮೈಮೇಲೆ ಹರಿಯುತ್ತದೆ. ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ಈ ರೀತಿ ಅನೇಕರು ಜೀವ ಕಳೆದುಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹೊಸಬರಲ್ಲ, ವರ್ಷಗಟ್ಟಲೆ ಟ್ರ್ಯಾಕ್ಟರ್ ಹೊಡೆದವರೇ.

ಕ್ಲಚ್ ತುಳಿಯದೆ ಅಥವಾ ಗೇರ್ ನ್ಯೂಟ್ರಲ್‌ನಲ್ಲಿಲ್ಲದೆ ಸೆಲ್ಫ್ ಹೊಡೆಯಬಾರದೆಂದೇ ತಯಾರಕರು ಅಲ್ಲೊಂದು ಸುರಕ್ಷಾ ಸ್ವಿಚ್ಚನ್ನು ಇಟ್ಟಿರುತ್ತಾರೆ. ಅದು ಕೆಟ್ಟಾಗ ಕೆಲವು ಮೆಕ್ಯಾನಿಕ್‌ಗಳು ತಂತಿಗಳನ್ನು ನೇರವಾಗಿ ಹೊಸೆದು ‘ಡೈರೆಕ್ಟ್’ ಮಾಡಿಕೊಡುತ್ತಾರೆ. ಇದಕ್ಕೆ ಒಪ್ಪಬೇಡಿ. ಆ ಸ್ವಿಚ್ಚಿನ ಬೆಲೆ ಬಹಳವಿಲ್ಲ.

ಆದುದರಿಂದ ಮುಂದೆ ಹೇಳುವ ಪ್ರತಿ ಪರೀಕ್ಷೆಯ ಮೊದಲೂ ಟ್ರ್ಯಾಕ್ಟರನ್ನು ಸಮ ನೆಲದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕ್ ಕಟ್ಟಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿ. ಪಿ.ಟಿ.ಓ. ಲಿವರ್ ಬಿಡಿಸಿರಲಿ. ಎಂಜಿನ್ ಹತ್ತಿಕೊಳ್ಳದಂತೆ ನಿಲ್ಲಿಸುವ ಗುಂಡಿಯನ್ನು ಎಳೆದಿಡಿ. ಚಾವಿ ತಿರುಗಿಸಲು ಒಬ್ಬರು ಆಸನದ ಮೇಲೆ ಕುಳಿತಿರಬೇಕು. ನೋಡುವವರು ಗಾಲಿಗಳ ನಡುವಿನ ಜಾಗದಿಂದ ದೂರವಿದ್ದು ಕೈಚಾಚಿ ನೋಡಬೇಕು.

ಬೇಕಾಗುವ ಸಾಮಾನು

ಟ್ರ್ಯಾಕ್ಟರಿನ ಹಳೆಯದೊಂದು 12 ವೋಲ್ಟ್ ಬಲ್ಬು, ಅದಕ್ಕೊಂದು ಹೋಲ್ಡರ್, ಒಂದೂವರೆ ಮೀಟರಿನಷ್ಟು ಉದ್ದದ ಎರಡು ತಂತಿ. ಒಂದು ತಂತಿಯ ತುದಿಗೆ ಚಿಮುಟದಂತಹ ಕ್ಲಿಪ್ಪು, ಇನ್ನೊಂದರ ತುದಿಗೆ ಚೂಪಾದ ಮೊಳೆ. ಇದೇ ಪರೀಕ್ಷಾ ದೀಪ. ಕ್ಲಿಪ್ಪನ್ನು ಎಂಜಿನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ, ಮೊಳೆಯನ್ನು ಯಾವ ಟರ್ಮಿನಲ್ಲಿಗೆ ಮುಟ್ಟಿಸಿದರೆ ದೀಪ ಹತ್ತುತ್ತದೋ ಅಲ್ಲಿಯವರೆಗೆ ವಿದ್ಯುತ್ ಬಂದಿದೆ ಎಂದರ್ಥ. ಇದರ ಜೊತೆಗೆ ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರೊಂದನ್ನು ಕೊಂಡಿಟ್ಟುಕೊಳ್ಳುವುದು ಲಾಭಕರ. ದೀಪ ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುತ್ತದೆ. ಮೀಟರು ‘ಎಷ್ಟು’ ಎಂದೂ ಹೇಳುತ್ತದೆ.

ಮುಂದೀಪ ಹಾಕಿ ಚಾವಿ ತಿರುಗಿಸಿ

ಮುಂದೀಪ ಹಚ್ಚಿ, ಚಾವಿಯನ್ನು ಸ್ಟಾರ್ಟ್ ಕಡೆಗೆ ತಿರುಗಿಸಲು ಹೇಳಿ ದೀಪವನ್ನೇ ನೋಡುತ್ತಿರಿ. ಮಸುಕು ಬೆಳಕಿನಲ್ಲಿ ಅಥವಾ ಕೊಟ್ಟಿಗೆಯ ಗೋಡೆಯೆದುರು ಇದು ಚೆನ್ನಾಗಿ ಕಾಣುತ್ತದೆ.

ದೀಪ ಮೊದಲಿನಂತೆಯೇ ಉರಿಯುತ್ತಿದ್ದು ಸೆಲ್ಫ್ ಅಲುಗಾಡದಿದ್ದರೆ ವಿದ್ಯುತ್ ಮೋಟಾರಿನವರೆಗೆ ಹೋಗುತ್ತಲೇ ಇಲ್ಲ. ದೋಷ ಚಾವಿ, ಸುರಕ್ಷಾ ಸ್ವಿಚ್ಚು, ಸೊಲೆನಾಯ್ಡ್ ಅಥವಾ ಮೋಟಾರಿನ ಒಳಗಿನ ಕಾರ್ಬನ್‌ಗಳಲ್ಲಿದೆ. ಅದನ್ನು ಆಮೇಲೆ ನೋಡೋಣ. ದೀಪ ತೀರ ಮಂಕಾದರೆ ಅಥವಾ ಆರಿಯೇ ಹೋದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ಎರಡು ಹಿಡಿಕೆಗಳಲ್ಲೊಂದು ಅಥವಾ ಅರ್ಥ್ ಪಟ್ಟಿ ಸಡಿಲಾಗಿದೆ. ಸೊಲೆನಾಯ್ಡ್ ಕಡಲೆ ಹುರಿದಂತೆ ‘ಟಕಟಕಟಕ’ ಎಂದು ಬಡಿದುಕೊಳ್ಳುವುದೂ ಇದರ ಲಕ್ಷಣವೇ.

ಈ ಎರಡನೆಯ ಸಂದರ್ಭದಲ್ಲಿಯೇ ಬ್ಯಾಟರಿಗೆ ಮರಣದಂಡನೆ ಆಗುವುದು. ಇಲ್ಲಿ ಅವಸರ ಮಾಡಬೇಡಿ. ಎರಡು ಮೂರು ಸಲ ಚಾವಿ ತಿರುಗಿಸಿದ ಮೇಲೆ, ಚಾವಿ ಬಿಟ್ಟು, ಬೆರಳಿನ ಹಿಂಬದಿಯಿಂದ ಬ್ಯಾಟರಿಯ ಎರಡೂ ಹಿಡಿಕೆಗಳನ್ನು, ಅರ್ಥ್ ಪಟ್ಟಿ ಎಂಜಿನಿಗೆ ಕೂಡುವ ಬೋಲ್ಟನ್ನು, ಸ್ಟಾರ್ಟರಿನ ದಪ್ಪ ತಂತಿಯ ಬೋಲ್ಟನ್ನು ಹಗುರಾಗಿ ಮುಟ್ಟಿ ನೋಡಿ. ಉಳಿದವುಗಳಿಗಿಂತ ಯಾವುದು ಬಿಸಿಯಾಗಿದೆಯೋ ಅದೇ ಕಳ್ಳ. ಕಳೆದುಹೋದ ವೋಲ್ಟು ಅಲ್ಲಿ ಶಾಖವಾಗಿ ಕುಳಿತಿದೆ. ಈ ಪರೀಕ್ಷೆಗೆ ಒಂದು ಪೈಸೆಯ ಖರ್ಚಿಲ್ಲ.

ಮೀಟರ್ ಇದ್ದರೆ ಇನ್ನೂ ಖಚಿತವಾಗಿ ತಿಳಿಯಬಹುದು. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿಯಿರಿ, ಅವುಗಳ ಮೇಲಿನ ಹಿಡಿಕೆಗಳಿಗಲ್ಲ. ಸೆಲ್ಫ್ ಹೊಡೆಯುವಾಗ ಮೀಟರು 10 ವೋಲ್ಟಿಗಿಂತ ಮೇಲೆ ತೋರಿಸುತ್ತಿದ್ದು ಮೋಟಾರು ಮಾತ್ರ ನರಳುತ್ತಿದ್ದರೆ ಮೊದಲು ತಂತಿ ಮತ್ತು ಕೂಡಿಕೆಗಳನ್ನು ಶಂಕಿಸಿ. 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಪರೀಕ್ಷಿಸಬೇಕು. ಮುಂದೆ ಒಂದು ಕಡ್ಡಿಯನ್ನು ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನಿನ ಹೊಳೆಯುವ ಕಬ್ಬಿಣಕ್ಕೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಎಲ್ಲ ಸರಿ ಇದ್ದರೆ ಮೀಟರು ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಒಂದು, ಎರಡು ವೋಲ್ಟ್ ಕಂಡುಬಂದರೆ ಅರ್ಥ್ ಪಟ್ಟಿಯ ದಾರಿಯಲ್ಲಿ ದೋಷವಿದೆ. ಪ್ಲಸ್ ಕಂಬ ಮತ್ತು ಸ್ಟಾರ್ಟರಿನ ದಪ್ಪ ಬೋಲ್ಟಿನ ನಡುವೆಯೂ ಇದೇ ರೀತಿ ನೋಡಿ. ಒಂದೊಂದೇ ಕೂಡಿಕೆಯ ಆಚೆ ಈಚೆ ಕಡ್ಡಿಯಿಟ್ಟರೆ ದೋಷದ ನಿಖರ ಜಾಗವೇ ಸಿಕ್ಕುತ್ತದೆ. ಒಂದು ಕೂಡಿಕೆಯಲ್ಲಿ 0.2 ವೋಲ್ಟಿಗಿಂತ ಹೆಚ್ಚಿನ ನಷ್ಟ ಇರಕೂಡದು.

ಅರ್ಥ್ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಪ್ಲಸ್ ತಂತಿಯಲ್ಲಿ ಹೋದ 300 ಆಂಪಿಯರ್ ಅಷ್ಟೂ ಈ ಪಟ್ಟಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಕೆಸರು ಗದ್ದೆಯಲ್ಲಿ ಕೆಲಸ ಮಾಡಿದ ಟ್ರ್ಯಾಕ್ಟರುಗಳಲ್ಲಿ ಅದರ ಬೋಲ್ಟು ತುಕ್ಕು ಹಿಡಿದಿರುತ್ತದೆ. ಬಣ್ಣ ಹೊಡೆಸುವಾಗ ಪಟ್ಟಿಯ ಕೆಳಗೂ ಬಣ್ಣ ಸೇರಿರುವುದುಂಟು.

ಕೂಡಿಕೆಗಳ ಶುದ್ಧೀಕರಣ

ಬ್ಯಾಟರಿಯ ಕಂಬಗಳ ಮೇಲೆ ಕಾಣುವ ಬಿಳಿ ಪುಡಿ ಗಂಧಕಾಮ್ಲ ಸೀಸದೊಡನೆ ಸೇರಿ ಆದದ್ದು. ನೀಲಿ ಹಸಿರು ಬಣ್ಣದ ಪುಡಿ ನಿಮಗೆ ಹೊಸದಲ್ಲ. ತಂತಿಯ ತಾಮ್ರದೊಡನೆ ಆಮ್ಲ ಸೇರಿ ಆದ ಮೈಲುತುತ್ತವೇ ಅದು. ಅಡಿಕೆ, ದ್ರಾಕ್ಷಿ ಬೆಳೆಗಾರರು ಬೋರ್ಡೊ ದ್ರಾವಣಕ್ಕೆ ಉಪಯೋಗಿಸುವ ಪದಾರ್ಥ. ಈ ಎರಡೂ ವಿದ್ಯುತ್ತನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ.

ಬಿಚ್ಚುವಾಗ ಮೊದಲು ಅರ್ಥ್ ತಂತಿ, ಕೂಡಿಸುವಾಗ ಕೊನೆಗೆ ಅರ್ಥ್ ತಂತಿ. ಈಗಿನ ಟ್ರ್ಯಾಕ್ಟರುಗಳಲ್ಲಿ ಅದು ಮೈನಸ್. ಈ ಕ್ರಮ ತಪ್ಪಿದರೆ, ಪ್ಲಸ್ ಬಿಚ್ಚುತ್ತಿರುವ ಪಾನ ಟ್ರ್ಯಾಕ್ಟರಿನ ಮೈಗೆ ತಗುಲಿ ಕೆಂಪಗೆ ಕಾಯಬಹುದು. ಕೈಯಲ್ಲಿನ ಉಂಗುರ, ಕಡಗಗಳನ್ನು ತೆಗೆದಿಡಿ. ಒಂದು ತಂಬಿಗೆ ನೀರಿಗೆ ಎರಡು ಚಮಚ ಅಡಿಗೆ ಸೋಡ ಕಲಸಿ ಹಿಡಿಕೆಗಳ ಮೇಲೆ ಹಾಕಿದರೆ ನೊರೆ ಎದ್ದು ಪುಡಿ ಕರಗುತ್ತದೆ. ಬ್ಯಾಟರಿಯ ಬಿರಡೆಗಳು ಬಿಗಿಯಾಗಿರಲಿ. ಸೋಡದ ನೀರು ಒಳಗೆ ಇಳಿದರೆ ಆಮ್ಲ ಕೆಡುತ್ತದೆ. ಬಳಿಕ ಒಳ್ಳೆಯ ನೀರಿನಿಂದ ತೊಳೆದು, ಒರೆಸಿ, ಕಂಬವನ್ನೂ ಹಿಡಿಕೆಯ ಒಳಮೈಯನ್ನೂ ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ, ಹೊರಗಡೆಗೆ. ಸುತ್ತಿಗೆಯಿಂದ ಬಡಿದು ಹಿಡಿಕೆ ಕೂಡಿಸಬೇಡಿ, ಸೀಸದ ಕಂಬ ಒಳಗೇ ಬಿರುಕು ಬಿಡುತ್ತದೆ.

ಚಾವಿಯಿಂದ ಸೆಲ್ಫಿನವರೆಗೆ

ಮುಂದೀಪ ಮಂಕಾಗದೆ ಸೆಲ್ಫ್ ಮಾತ್ರ ಮೌನವಾಗಿದ್ದರೆ ಪರೀಕ್ಷಾ ದೀಪದ ಮೊಳೆಯನ್ನು ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ ಮುಟ್ಟಿಸಿ ಚಾವಿ ತಿರುಗಿಸಲು ಹೇಳಿ. ದೀಪ ಹತ್ತಲಿಲ್ಲವೆ? ಹಾಗಾದರೆ ವಿದ್ಯುತ್ ಹಿಂದೆಯೇ ಎಲ್ಲೋ ನಿಂತಿದೆ. ಅಲ್ಲಿಂದ ಹಿಂದಕ್ಕೆ ಸುರಕ್ಷಾ ಸ್ವಿಚ್ಚಿನ ಎರಡು ತುದಿಗಳು, ಚಾವಿ ಸ್ವಿಚ್ಚಿನ ಹಿಂಬದಿ, ಫ್ಯೂಜು - ಒಂದೊಂದಾಗಿ ನೋಡುತ್ತ ಬನ್ನಿ. ಒಂದು ತುದಿಯಲ್ಲಿ ದೀಪ ಹತ್ತಿ ಇನ್ನೊಂದು ತುದಿಯಲ್ಲಿ ಹತ್ತದ ಸ್ಥಳವೇ ದೋಷದ ಸ್ಥಳ. ಸುರಕ್ಷಾ ಸ್ವಿಚ್ಚಿನಲ್ಲಿ ಎಷ್ಟೋ ಸಲ ಕೆಟ್ಟಿರುವುದು ಸ್ವಿಚ್ಚಲ್ಲ. ಕ್ಲಚ್ ಪೆಡಲಿನ ಸಡಿಲು ಹೆಚ್ಚಾಗಿ ಗುಂಡಿ ಪೂರ್ತಿ ಒತ್ತುತ್ತಿರುವುದಿಲ್ಲ. ಇಲಿ ಕಡಿದ ತಂತಿಗಳನ್ನೂ ನೋಡಿ. ಟ್ರ್ಯಾಕ್ಟರಿನ ಪಕ್ಕದಲ್ಲೇ ಕಾಳಿನ ಚೀಲ ಇಡುವವರಿಗೆ ಈ ತೊಂದರೆ ತಪ್ಪದು.

ದೀಪ ಹತ್ತಿತು, ಸೊಲೆನಾಯ್ಡ್ ‘ಟಕ್’ ಎನ್ನಲಿಲ್ಲ ಎಂದರೆ ಸೊಲೆನಾಯ್ಡ್ ಹೋಗಿದೆ. ಗಟ್ಟಿಯಾಗಿ ‘ಟಕ್’ ಎಂದಿತು, ಮೋಟಾರು ತಿರುಗಲಿಲ್ಲ, ಮುಂದೀಪವೂ ಮಂಕಾಗಲಿಲ್ಲ ಎಂದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು ಅಥವಾ ಮೋಟಾರಿನ ಕಾರ್ಬನ್ ಸವೆದಿರಬಹುದು. ಮೋಟಾರಿನ ಮೈಗೆ ಮರದ ತುಂಡಿನಿಂದ ಹಗುರಾಗಿ ತಟ್ಟಿದಾಗ ಒಮ್ಮೆ ತಿರುಗಿದರೆ ಕಾರ್ಬನ್ ಎಂದೇ ತಿಳಿಯಿರಿ. ಆ ದಿನದ ಬಿತ್ತನೆ ಮುಗಿಸಿ, ಮರುದಿನವೇ ಕಾರ್ಬನ್ ಬದಲಾಯಿಸಿ. ಪೂರ್ತಿ ಮೋಟಾರನ್ನೇ ಬದಲಾಯಿಸಬೇಕೆಂದು ಹೇಳಿದರೆ ಏಕೆಂದು ಕೇಳಿ.

ಒಂದೇ ಸಮನೆ ಸೆಲ್ಫ್ ಹೊಡೆಯುತ್ತ ಕೂಡುವುದು ಒಳ್ಳೆಯದಲ್ಲ. ಒಂದು ಸಲಕ್ಕೆ 10 ಸೆಕೆಂಡು, ಬಳಿಕ ಒಂದು ನಿಮಿಷ ಬಿಡುವು. ಮೋಟಾರು ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಸಾಮಾನ್ಯವಾಗಿ ತೊಂದರೆ ಡೀಸೆಲ್ ಅಥವಾ ಗಾಳಿಯದು. ಬ್ಯಾಟರಿಯನ್ನು ಬರಿದು ಮಾಡಿಕೊಂಡು ಫಲವಿಲ್ಲ.

ಬ್ಯಾಟರಿಯ ಪರೀಕ್ಷೆ

1859 ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬವರು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮಾಡಿದ ಬ್ಯಾಟರಿಯ ತತ್ವವೇ ಇಂದಿಗೂ ನಮ್ಮ ಟ್ರ್ಯಾಕ್ಟರಿನಲ್ಲಿದೆ. ಬಿರಡೆ ಬಿಚ್ಚಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಕೋಣೆಗಳ ಆಮ್ಲದ ಸಾಂದ್ರತೆ ನೋಡಿ. ಪೂರ್ತಿ ಚಾರ್ಜ್ ಆದಾಗ 1.240 ರಿಂದ 1.280 ಇರುತ್ತದೆ. 1.200 ಕ್ಕೆ ಬಂದರೆ ಚಾರ್ಜ್ ಅರ್ಧದಷ್ಟು ಇಳಿದಂತೆ, 1.120 ಎಂದರೆ ಬರಿದಾದಂತೆ. ಆರೂ ಕೋಣೆಗಳಲ್ಲಿ ಸಮನಾಗಿ ಇಳಿದಿದ್ದರೆ ಗಾಬರಿಯಾಗಬೇಡಿ, ಬ್ಯಾಟರಿಗೆ ಚಾರ್ಜ್ ಸಿಕ್ಕಿಲ್ಲ ಅಷ್ಟೆ. ಐದು ಕೋಣೆ ಒಂದೇ ಸಮ ಇದ್ದು ಒಂದು ಮಾತ್ರ 0.050 ಅಥವಾ ಅದಕ್ಕಿಂತ ಹೆಚ್ಚು ಕೆಳಗಿದ್ದು, ಚಾರ್ಜ್ ಮಾಡಿದ ಮೇಲೂ ಏರದಿದ್ದರೆ ಆ ಕೋಣೆ ಕೆಟ್ಟಿದೆ. ಆಗ ಮಾತ್ರ ಹೊಸ ಬ್ಯಾಟರಿಯ ಮಾತು.

ಬಿರಡೆ ಇಲ್ಲದ ಬ್ಯಾಟರಿಗೆ ಮೀಟರೇ ಗತಿ. ರಾತ್ರಿಯೆಲ್ಲ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಇದೆ, 12.2 ಆದರೆ ಅರ್ಧ, 11.9 ಕ್ಕಿಂತ ಕೆಳಗಾದರೆ ಬರಿದು. ಪೂರ್ತಿ ಚಾರ್ಜ್ ಆಗಿದ್ದ ಬ್ಯಾಟರಿ ಸೆಲ್ಫ್ ಹೊಡೆದ ಕೂಡಲೆ 9 ರ ಕೆಳಗೆ ಬೀಳುತ್ತಿದ್ದರೆ ಅದರ ಆಯುಷ್ಯ ಮುಗಿಯಿತು, ಸ್ಟಾರ್ಟರೋ ಎಂಜಿನೋ ಬಿಗಿದು ಮಿತಿಮೀರಿ ವಿದ್ಯುತ್ ಎಳೆಯುತ್ತಿಲ್ಲವೆಂದು ಖಚಿತವಾಗಿದ್ದ ಪಕ್ಷದಲ್ಲಿ.

ನೀರು ಕಡಿಮೆಯಾದಾಗ ಹಾಕತಕ್ಕದ್ದು ಬಟ್ಟಿ ಇಳಿಸಿದ ನೀರನ್ನು, ಫಲಕಗಳ ಮೇಲೆ 10-15 ಮಿಲಿಮೀಟರ್ ನಿಲ್ಲುವಷ್ಟು. ಆಮ್ಲ ಹಾಕಬಾರದು, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಕೊಳವೆ ಬಾವಿಯ ನೀರಂತೂ ಬೇಡವೇ ಬೇಡ, ಅದರಲ್ಲಿನ ಲವಣಗಳು ಫಲಕಗಳನ್ನು ತಿನ್ನುತ್ತವೆ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವವರನ್ನು, ಬೀಡಿ ಬಾಯಲ್ಲಿಟ್ಟು ಬಗ್ಗುವವರನ್ನು ಕಂಡಿದ್ದೇವೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಕಣ್ಣಿಗೆ ಆಮ್ಲ ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಬೇಕು.

ನೆರೆಯವರ ಬ್ಯಾಟರಿಯಿಂದ ತಂತಿ ಕೊಟ್ಟು ಸ್ಟಾರ್ಟ್ ಮಾಡುವಾಗಲೂ ಇದೇ ಭಯ. ಪ್ಲಸ್‌ಗೆ ಪ್ಲಸ್ ಕೂಡಿಸಿ. ಮೈನಸ್ ತಂತಿಯ ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಗೆ ಕೂಡಿಸದೆ, ಅದರಿಂದ ದೂರದಲ್ಲಿ ಎಂಜಿನಿನ ಕಬ್ಬಿಣಕ್ಕೆ ಕಚ್ಚಿಸಿ. ಕಿಡಿ ಹಾರಿದರೂ ಅಲ್ಲಿ ಹಾರಲಿ.

ಒಳ್ಳೆಯ ಬ್ಯಾಟರಿ ದಿನವೂ ಬರಿದಾಗುತ್ತಿದ್ದರೆ

ಹೊಸ ಬ್ಯಾಟರಿ ತಂದ ಮೂರು ತಿಂಗಳಲ್ಲಿ ಅದೂ ಮಲಗಿತು ಎನ್ನುವವರು ಇಲ್ಲಿ ಗಮನವಿಡಬೇಕು. ಚಾವಿ ಹಾಕಿ ಎಂಜಿನ್ ನಿಂತಿರುವಾಗ ಕೆಂಪು ಚಾರ್ಜ್ ದೀಪ ಹತ್ತಬೇಕು, ಎಂಜಿನ್ ನಡೆದ ಮೇಲೆ ಆರಬೇಕು. ಮೊದಲಿಗೆ ಹತ್ತುವುದೇ ಇಲ್ಲವೆಂದರೆ ಆ ಬಲ್ಬು ಸುಟ್ಟಿದೆ. ಹಲವು ಆಲ್ಟರ್ನೇಟರುಗಳು ಚಾರ್ಜ್ ಆರಂಭಿಸಲು ಈ ಬಲ್ಬಿನ ಮೂಲಕ ಬರುವ ವಿದ್ಯುತ್ತನ್ನೇ ನೆಚ್ಚಿರುತ್ತವೆ. ಹತ್ತಿಪ್ಪತ್ತು ರೂಪಾಯಿಯ ಬಲ್ಬಿನಿಂದ ಇಡೀ ಬ್ಯಾಟರಿ ಹಾಳಾಗುತ್ತದೆ.

ಎಂಜಿನ್ ಸಾಧಾರಣ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ಕಂಬಗಳಲ್ಲಿ 13.8 ರಿಂದ 14.4 ವೋಲ್ಟ್ ಬರಬೇಕು. ಹದಿಮೂರಕ್ಕಿಂತ ಕಡಿಮೆ ಇದ್ದರೆ ಎಂಜಿನ್ ನಿಲ್ಲಿಸಿ ಮೊದಲು ಬೆಲ್ಟನ್ನು ನೋಡಿ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10-15 ಮಿಲಿಮೀಟರಿಗಿಂತ ಹೆಚ್ಚು ಬಗ್ಗಬಾರದು. ಬೆಲ್ಟ್ ಸರಿಯಿದ್ದರೆ ಆಲ್ಟರ್ನೇಟರಿನ ಹಿಂಬದಿಯ ತಂತಿಗಳನ್ನು ನೋಡಿ. ಹದಿನೈದಕ್ಕಿಂತ ಮೇಲೆ ಹೋಗಿ ಬ್ಯಾಟರಿಯ ನೀರು ವಾರವಾರಕ್ಕೂ ಆರುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ.

ಇಲ್ಲೊಂದು ಹಳೆಯ ಚಾಳಿಯ ಬಗ್ಗೆ ಎಚ್ಚರಿಕೆ ಅಗತ್ಯ. ಡೈನಮೋ ಇದ್ದ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಬಿಚ್ಚಿ ‘ಚಾರ್ಜ್ ಬರುತ್ತಿದೆಯೇ’ ಎಂದು ನೋಡುತ್ತಿದ್ದರು. ಆಲ್ಟರ್ನೇಟರ್ ಇರುವ ಟ್ರ್ಯಾಕ್ಟರಿನಲ್ಲಿ ಹೀಗೆ ಮಾಡಿದರೆ ವೋಲ್ಟೇಜು ಒಮ್ಮೆಲೆ ಜಿಗಿದು ಒಳಗಿನ ಡಯೋಡುಗಳು ಸುಡಬಹುದು. ಟ್ರೇಲರಿನ ಕೊಂಡಿಯೋ ಮಡ್‌ಗಾರ್ಡೋ ಮುರಿದು ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿಯ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಬಿಡಿಸಿಯೇ ಮಾಡಿಸಿ.

ಚಾರ್ಜ್ ಸರಿಯಾಗಿದ್ದೂ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದರೆ ರಾತ್ರಿ ಯಾರೋ ಕುಡಿಯುತ್ತಿದ್ದಾರೆ ಎಂದರ್ಥ. ಚಾವಿ ತೆಗೆದು, ಎಲ್ಲ ದೀಪ ಆರಿಸಿ, ಮೈನಸ್ ಹಿಡಿಕೆಯನ್ನು ಬಿಚ್ಚಿ, ಕಂಬಕ್ಕೂ ಹಿಡಿಕೆಗೂ ನಡುವೆ ಪರೀಕ್ಷಾ ದೀಪ ಕೂಡಿಸಿ. ದೀಪ ಹತ್ತಿದರೆ ಎಲ್ಲೋ ಸೋರಿಕೆಯಿದೆ. ಫ್ಯೂಜುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ದೀಪ ಆರುತ್ತದೋ ಆ ದಾರಿಯನ್ನು ಹುಡುಕಿ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಲ್ಲಿ ಈ ಹುಡುಕಾಟ ಸಾಮಾನ್ಯವಾಗಿ ಹಾಡಿನ ಪೆಟ್ಟಿಗೆಯ ಬಳಿ ಮುಗಿಯುತ್ತದೆ! ದೊಡ್ಡ ಸ್ಪೀಕರುಗಳಿಗೆ ಫ್ಯೂಜೂ ಇಲ್ಲದೆ ಬ್ಯಾಟರಿಯಿಂದಲೇ ತಂತಿ ಎಳೆದಿರುತ್ತಾರೆ. ಹಾಡು ಬೇಡವೆನ್ನಲು ನಾವು ಯಾರು? ರಾತ್ರಿಯೆಲ್ಲ ಕಬ್ಬು ಹೊತ್ತು ದಾರಿ ಸವೆಸುವ ಚಾಲಕನಿಗೆ ಅದು ಜೊತೆ. ಆದರೆ ತಂತಿಗೊಂದು ಫ್ಯೂಜು, ಚಾವಿಯ ಜೊತೆ ಆರುವಂತಹ ಜೋಡಣೆ ಇರಲಿ. ಫ್ಯೂಜುಗಳನ್ನೆಲ್ಲ ತೆಗೆದರೂ ದೀಪ ಆರದಿದ್ದರೆ ಆಲ್ಟರ್ನೇಟರಿನ ತಂತಿ ಬಿಚ್ಚಿ ನೋಡಿ. ಆಗ ಆರಿದರೆ ಅದರ ಡಯೋಡು ಸೋರುತ್ತಿದೆ.

ತಂಪು ಗಾಳಿಯ ಕ್ಯಾಬಿನ್ನು

ಕಟಾವು ಯಂತ್ರಗಳಲ್ಲಿ, ಕೆಲವು ದೊಡ್ಡ ಟ್ರ್ಯಾಕ್ಟರುಗಳಲ್ಲಿ ಈಗ ಏ.ಸಿ. ಕ್ಯಾಬಿನ್ ಬಂದಿದೆ. ಕಾರು ಇಟ್ಟುಕೊಂಡ ರೈತರೂ ಕಡಿಮೆಯಿಲ್ಲ. ಅಲ್ಲಿಯೂ ಇದೇ ಕಥೆ, ಬ್ಯಾಟರಿಯ ಬದಲು ‘ಗ್ಯಾಸ್ ಮುಗಿದಿದೆ’ ಎನ್ನುತ್ತಾರೆ ಅಷ್ಟೆ. ಗ್ಯಾಸ್ ಹಾಕಿಸುವ ಮೊದಲು ಎಂಜಿನ್ ನಡೆಸಿ ಏ.ಸಿ. ಗುಂಡಿ ಒತ್ತಿ ಕಿವಿಗೊಡಿ. ಕಂಪ್ರೆಸರಿನ ಮುಂದಿನ ಕ್ಲಚ್ ‘ಟಕ್’ ಎಂದು ಕೂಡಿಕೊಂಡು ಮುಂಭಾಗ ತಿರುಗಬೇಕು. ಕೂಡಿಕೊಳ್ಳದಿದ್ದರೆ ಎಂಜಿನ್ ನಿಲ್ಲಿಸಿ ಮೊದಲು ಫ್ಯೂಜು, ಆಮೇಲೆ ರಿಲೇ. ಹಾರ್ನಿನ ರಿಲೇ ಅದೇ ನಮೂನೆಯದಾಗಿದ್ದರೆ ಅದನ್ನು ಕಿತ್ತು ಇಲ್ಲಿ ಹಾಕಿ ನೋಡಬಹುದು. ಎಂಜಿನ್ ನಿಂತಿರುವಾಗಲೇ ಕ್ಲಚ್ಚಿನ ತಂತಿ ಬಿಡಿಸಿ ಅದಕ್ಕೆ ಬ್ಯಾಟರಿಯಿಂದ ಫ್ಯೂಜಿನ ಮೂಲಕ ಒಂದು ಕ್ಷಣ 12 ವೋಲ್ಟ್ ಕೊಟ್ಟಾಗ ‘ಟಕ್’ ಎಂದರೆ ಸುರುಳಿ ಚೆನ್ನಾಗಿದೆ, ದೋಷ ಹಿಂದಿನ ದಾರಿಯಲ್ಲಿದೆ. ಆ ದಾರಿಯಲ್ಲಿ ಗ್ಯಾಸಿನ ಒತ್ತಡದಿಂದ ನಡೆಯುವ ಸ್ವಿಚ್ಚೂ ಒಂದಿರುತ್ತದೆ. ಗ್ಯಾಸ್ ನಿಜವಾಗಿ ಸೋರಿಹೋಗಿದ್ದರೆ ಅದು ತಾನಾಗಿಯೇ ಕ್ಲಚ್ಚನ್ನು ತಡೆಯುತ್ತದೆ. ಆದುದರಿಂದ ಆ ಸ್ವಿಚ್ಚನ್ನು ನೇರ ಮಾಡಿ ಓಡಿಸಬೇಡಿ, ಕಂಪ್ರೆಸರ್ ಎಣ್ಣೆಯಿಲ್ಲದೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಬಂದು ನಿಂತಾಗ ಕೆಲಸ ಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸಿ.

2023 ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆ ನಿಯಂತ್ರಣದ ಬಿಗಿಯಾದ ನಿಯಮಗಳು ಬಂದಿವೆ. ಅಂಥವುಗಳಲ್ಲಿ ಡೀಸೆಲ್ ಬಿಡುವ ಕೆಲಸವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನೋಡಿಕೊಳ್ಳುವುದುಂಟು. ಆ ಪೆಟ್ಟಿಗೆಗೆ ಹೋಗುವ ಸಣ್ಣ ತಂತಿಗಳಿಗೆ ಪರೀಕ್ಷಾ ದೀಪದ ಮೊಳೆ ಚುಚ್ಚಬೇಡಿ. ಬ್ಯಾಟರಿ, ದಪ್ಪ ತಂತಿ, ಅರ್ಥ್ ಪಟ್ಟಿಗಳ ಪರೀಕ್ಷೆ ಮಾತ್ರ ಅಲ್ಲಿಯೂ ಇದೇ ರೀತಿ. ಎಳೆದಿಡುವ ನಿಲುಗಡೆಯ ಗುಂಡಿ ಇಲ್ಲದಿದ್ದರೆ ಎಂಜಿನ್ ಹತ್ತಿಕೊಳ್ಳದಂತೆ ತಡೆಯುವ ಬಗೆಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಟ್ರ್ಯಾಕ್ಟರನ್ನು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಿದ್ದರೆ ಮೈನಸ್ ಹಿಡಿಕೆ ಬಿಚ್ಚಿಡಿ, ತಿಂಗಳಿಗೊಮ್ಮೆ ಬ್ಯಾಟರಿಗೆ ಚಾರ್ಜ್ ಕೊಡಿಸಿ. ಬರಿದಾಗಿ ನಿಂತ ಬ್ಯಾಟರಿಯ ಫಲಕಗಳು ಗಡುಸಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬಿತ್ತನೆಗೆ ಎಂಟು ದಿನ ಮೊದಲು, ಕೂರಿಗೆಯ ತಾಳು ನೋಡುವ ದಿನವೇ ಹಿಡಿಕೆಗಳನ್ನೂ ಅರ್ಥ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಕೂಡಿಸಿ. ಪರೀಕ್ಷಾ ದೀಪ, ಮರಳು ಕಾಗದದ ಒಂದು ತುಂಡು, ಹಿಡಿಕೆಯ ಅಳತೆಯ ಪಾನ, ನಾಲ್ಕು ಫ್ಯೂಜು - ಇಷ್ಟನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲೇ ಇಟ್ಟಿರಿ.